ಸೊಳ್ಳೆಯ ಹಗಲು ಪಾಳಿ
ಮಲೆನಾಡನ್ನು ಹಿಂದೆ ನಡುಗಿಸಿದ ಚಳಿಜ್ವರದ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಹಳ್ಳದ ತಿಳಿನೀರಲ್ಲಿ ಹುಟ್ಟಿ, ರಾತ್ರಿ ಮನೆಗೆ ನುಗ್ಗಿ ಕಚ್ಚಿ, ಗೋಡೆ ಮೇಲೆ ಕೂರುತ್ತಿತ್ತು. 1940ರ ದಶಕದಿಂದಾಚೆ ಗೋಡೆಗೆ ಹೊಡೆದ ಡಿಡಿಟಿ ಸರಿಯಾಗಿ ನಾಟಿದ್ದು ಅದಕ್ಕೇ. ಡೆಂಗಿಯ ಕತೆ ಬೇರೆ. ಮೂಡಿಗೆರೆ, ಕಳಸದ ತೋಟಗಳಲ್ಲಿ ಬಿಳಿ ಪಟ್ಟೆಯ ಈಡಿಸ್ ಅಲ್ಬೊಪಿಕ್ಟಸ್‌ಗೆ ಮರದ ಪೊಟರೆ, ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಬೊಗಸೆ ಮಳೆನೀರೇ ಸಾಕು, ಕಚ್ಚುವುದು ಹಾಡಹಗಲೇ. ಚಿಕ್ಕಮಗಳೂರು ಪೇಟೆಯಲ್ಲಿ ಅದರ ದಾಯಾದಿ ಈಡಿಸ್ ಈಜಿಪ್ಟಿ ಡ್ರಮ್ಮು, ತೊಟ್ಟಿ ಹುಡುಕುತ್ತದೆ. ಪೇಟೆಯವರು ಮುಚ್ಚಳ ಹಾಕಿಯಾರು; ಗಿಡದ ಬುಡದಲ್ಲಿ ಬಗ್ಗಿ ಕಳೆ ತೆಗೆಯುವ, ತೋಟದ ಕೂಲಿಗಳ ಲೈನ್ ಮನೆಯ ಹೆಂಗಸಿಗೆ ರಾತ್ರಿಯ ಸೊಳ್ಳೆಪರದೆ ಯಾವ ಕೆಲಸಕ್ಕೆ? ಸಂಜೆ ಬೀದಿಗೆ ಬಿಡುವ ಹೊಗೆ (ಫೋಟೋಗೆ ಚೆನ್ನಾಗಿರುತ್ತದೆ, ನಿಜ) ತೋಟದೊಳಗೆ ಹೋಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು ವಾರ, ಹತ್ತು ದಿನ ಬೇಕು. ಮಾಲೀಕರು ವಾರಕ್ಕೊಮ್ಮೆ, ಕೂಲಿ ಕೊಟ್ಟೇ, ಹಾಳೆಗಳನ್ನು ಮಗುಚಿ ಹಾಕಿಸಲಿ.