ಪಾವಗಡಕ್ಕೆ ಮುಟ್ಟದ ಕನ್ನಡದ ದನಿ!

ಕನ್ನಡಿಗರೇ, 1935ರಲ್ಲಿ ಮೈಸೂರು ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಸ್ವಂತ ಮನೆಯಲ್ಲೇ 30 ವ್ಯಾಟಿನ ಬಾನುಲಿ ಕೇಂದ್ರ ಕಟ್ಟಿದರು. ಅದರ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ಇಟ್ಟುಕೊಂಡಿತು. ಒಬ್ಬ ಮೇಷ್ಟ್ರು ಮಾಡಿದ್ದನ್ನು 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯ ನಮ್ಮ ತಾಲ್ಲೂಕುಗಳಿಗೆ ಯಾಕೆ ಮಾಡಬಾರದು?

ವಿದ್ಯಾಸಂಸ್ಥೆಗಳು ಸಮುದಾಯ ಬಾನುಲಿ ನಡೆಸಲು ಸರ್ಕಾರದ ಅವಕಾಶವಿದೆ. ಆದರೆ 100 ವ್ಯಾಟಿನ ದನಿ ಹತ್ತು ಹದಿನೈದು ಕಿಲೋಮೀಟರಿಗೇ ಸುಸ್ತು. ತುಮಕೂರಿನಲ್ಲಿ ಕೂತು ಮಾತಾಡಿದರೆ ಕೊರಟಗೆರೆಗೇ ಕೇಳದು. ಆಂಧ್ರ ಸುತ್ತುವರಿದ ಪಾವಗಡಕ್ಕೆ ಕೇಳೀತೇ?

ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕೂ ಕಡೆಯ ಕಾಲೇಜುಗಳಲ್ಲಿ ಒಂದೊಂದು ಕೇಂದ್ರ ಬೇಕು. ಕಡಲೆಕಾಯಿ ಬೆಳೆವ ರೈತ ತನ್ನ ಸೀಮೆಯ ಕನ್ನಡದಲ್ಲೇ ಮೈಕಿನ ಮುಂದೆ ಗುಡುಗಲಿ. ನಾನು ಕರಪತ್ರ ಅಚ್ಚು ಹಾಕುವವನು. ಓದು ಬಾರದವರಿಗೆ ನನ್ನ ಅಕ್ಷರ ಮುಟ್ಟದು, ದನಿ ಮುಟ್ಟುತ್ತದೆ. ಕುಲಪತಿಗಳೇ, ಕೇಳಿಸುತ್ತಿದೆಯೇ?