ಹಾರ್ಟನ್ ಬಯಲಿನ ಮಂಜು

ಶ್ರೀಲಂಕೆಯ ನುವಾರ ಎಲಿಯದ ಸಮೀಪದ ಸೀತಾದೇವಿಯ ಗುಡಿಗೆ ಹೋಗುವ ವಾಚಕರು ಹಾರ್ಟನ್ ಬಯಲಿಗೂ ಒಂದು ಪ್ರಾತಃಕಾಲವನ್ನು ಮೀಸಲಿಡಬೇಕೆಂದು ನಮ್ಮ ವಿಜ್ಞಾಪನೆ. ಸುಮಾರು 2,100 ಮೀಟರ್ ಎತ್ತರದ ಈ ಹುಲ್ಲುಗಾವಲು 1988ರಿಂದ ರಾಷ್ಟ್ರೀಯ ಉದ್ಯಾನವಾಗಿರುವುದು. ಅದರ ಅಂಚಿನಲ್ಲಿ ‘ಲೋಕದ ಕೊನೆ’ ಎಂಬರ್ಥದ ಹೆಸರುಳ್ಳ ಪ್ರಪಾತ. ಆಳವು 800 ಮೀಟರಿಗೂ ಮಿಗಿಲು.

ನಾವು ಉಪಾಹಾರ ಮುಗಿಸಿ ಸಾವಕಾಶವಾಗಿ ಹೊರಟೆವು. ಹೊತ್ತೇರಿದಂತೆ ಕಣಿವೆಯ ತೇವದ ಗಾಳಿಯು ಮೇಲೇರಿ ಮಂಜಾಗುವುದಷ್ಟೆ. ಹತ್ತು ಗಂಟೆಗೆ ಕಂಡದ್ದು ಬರಿಯ ಬಿಳುಪು! ನೆಲವೆಲ್ಲಿ ಮುಗಿಯುವುದೆಂದು ತಿಳಿಯದೆ ಮೊಮ್ಮಗನ ಕೈಯನ್ನು ಬಿಗಿಹಿಡಿದು ನಿಂತೆವು. ಮರುದಿನ ಕತ್ತಲಲ್ಲೇ ಎದ್ದು ಎಂಟರೊಳಗೆ ಸೇರಿದಾಗ, ಪಾತಾಳದಲ್ಲಿ ಚಹದ ತೋಟಗಳು ನಿಚ್ಚಳವಾಗಿ ಕಂಡವು. ಹಿಂದಿನ ದಿನ ನಾವು ನಿಂತಿದ್ದ ಸ್ಥಳದಿಂದ ಅಂಚು ಮೂರೇ ಮಾರು ದೂರ. ಹುಡುಗನಿಗೆ ಹೇಳಲಿಲ್ಲ.

ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಳ್ಳಿರಿ. ಪ್ಲಾಸ್ಟಿಕ್ ಹೊದಿಕೆಗಳನ್ನು ದ್ವಾರದಲ್ಲಿಯೇ ತೆಗೆಸುವರು.