ಎಣ್ಣೆಗಪ್ಪಿನ ಹೊಳಪು

ಗಣಕದಲ್ಲಿ ಮನುಷ್ಯರ ಮುಖವನ್ನು ರೆಂಡರ್ ಮಾಡುವವರಿಗೆ ‘ಚರ್ಮ’ ಎಂದರೆ ಬಹುಕಾಲ ಒಂದೇ ಅರ್ಥವಿತ್ತು: ಬೆಳಕು ಒಳಹೊಕ್ಕು, ಚದುರಿ, ತುಸು ಕೆಂಪೇರಿ ಹೊರಬರುವ ಅರೆಪಾರದರ್ಶಕ ಪೊರೆ. 2001ರಲ್ಲಿ ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಮಾದರಿ ಅಮೃತಶಿಲೆ, ಹಾಲು, ಚರ್ಮ ಮೂರನ್ನೂ ಒಂದೇ ಗಣಿತದಲ್ಲಿ ಹಿಡಿಯಿತು. ಉದಾಹರಣೆಗಳ ಆಯ್ಕೆಯೇ ಎಷ್ಟನ್ನೋ ಹೇಳುತ್ತದೆ. ಯೇಲ್ ವಿಶ್ವವಿದ್ಯಾಲಯದ ಥಿಯೊಡೋರ್ ಕಿಮ್ 2020ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದರು. ಈ ಒಳಬೆಳಕು ಎದ್ದು ಕಾಣುವುದು ಬಿಳಿಯರ ತೊಗಲಿನಲ್ಲಿ. ಅದನ್ನೇ ಮನುಷ್ಯಚರ್ಮದ ಲಕ್ಷಣವೆಂದು ಸಾರಿದ್ದು ಯಾವ ನ್ಯಾಯ?

ಮೆಲನಿನ್ ಹೆಚ್ಚಿರುವ ಚರ್ಮ ಒಳಹೊಕ್ಕ ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ. ಅಲ್ಲಿ ಕೆನ್ನೆಯ ಉಬ್ಬು, ಹಣೆಯ ಬಾಗು ನಮಗೆ ತಿಳಿಯುವುದು ಮೇಲ್ಮೈಯ ಹೊಳಪಿನಿಂದ. ಕನ್ನಡ ಇದನ್ನು ಎಂದೋ ಗಮನಿಸಿದೆ. ‘ಎಣ್ಣೆಗಪ್ಪು’ ಎಂಬ ಪದದಲ್ಲಿ ಬಣ್ಣದೊಡನೆ ಹೊಳಪೂ ಇದೆ.

ರೆಂಡರ್ ಮುಗಿದ ಮೇಲಿನ ಕಲರ್ ಗ್ರೇಡಿಂಗ್‌ನಲ್ಲಿ ಅನ್ಯಾಯ ಇನ್ನೂ ಸದ್ದಿಲ್ಲದೆ ನಡೆಯುತ್ತದೆ. ಬಿಳಿ, ಕಂದು, ಕಪ್ಪು ಮುಖಗಳೆಲ್ಲ ವೆಕ್ಟರ್‌ಸ್ಕೋಪಿನ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತವೆ. ವರ್ಣಚ್ಛಾಯೆಯಲ್ಲಿ ನಮ್ಮ ನಡುವೆ ಅಂಥ ದೂರವಿಲ್ಲ, ದೂರವಿರುವುದು ಪ್ರಕಾಶದಲ್ಲಿ. ಚಿತ್ರಕ್ಕೆ ‘ಸಿನಿಮಾ ಕಳೆ’ ತರಲೆಂದು ಕಾಂಟ್ರಾಸ್ಟ್ ಕರ್ವಿನ ಕೆಳತುದಿಯನ್ನು ಒತ್ತಿದರೆ ಬಿಳಿಯ ಮುಖದಲ್ಲಿ ಕತ್ತಿನ ನೆರಳಷ್ಟೇ ಗಾಢವಾಗುತ್ತದೆ. ಕಪ್ಪು ಮುಖದಲ್ಲಿ ಕಣ್ಣು, ಕೆನ್ನೆ, ಮುಖಭಾವ ಎಲ್ಲವೂ ಅಳಿಸಿಹೋಗುತ್ತವೆ. ಆಮೇಲೆ ಮುಖವೊಂದನ್ನೇ ಆಯ್ದು ಬೆಳಗಿಸಿದರೆ ದೊರೆಯುವುದು ಬೂದಿ ಬಳಿದ ಮೈ. ಚರ್ಮದ ಮೇಲೆ ಪ್ರತಿಫಲಿಸಬಲ್ಲ ಅಗಲವಾದ ಬೆಳಕನ್ನು ದೃಶ್ಯದಲ್ಲೇ ಇಡಬೇಕು, ಕರ್ವನ್ನು ಅದಕ್ಕೆ ತಕ್ಕಂತೆ ಸಡಿಲಿಸಬೇಕು. ಅಸಾಧ್ಯವಾದ ಕೆಲಸವೇನಲ್ಲ, ಯಾರ ಮುಖಕ್ಕಾಗಿ ಅಷ್ಟು ಹೊತ್ತು ಕೂರಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಅಷ್ಟೆ.

‘ಎಕ್ಸ್‌ಟ್ರಾಕ್ಷನ್’ (2020) ಚಿತ್ರ ಢಾಕಾವನ್ನು ಹಳದಿಯಲ್ಲಿ ಅದ್ದಿ ತೋರಿಸಿದಾಗ ನಮ್ಮಲ್ಲಿ ಅನೇಕರು ಸಿಡಿದರು; ಸಿಡಿಯಲೇಬೇಕಿತ್ತು. ಆದರೆ ಅದೇ ಕರ್ವು, ಅದೇ ಸ್ಲೈಡರುಗಳು ಛಾಯಾಚಿತ್ರಗಳಿಗೂ ಇವೆ. ನಮ್ಮ ಮದುವೆಯ ಆಲ್ಬಮ್‌ಗಳಲ್ಲಿ, ಕನ್ನಡ ಕೂಟಗಳ ಭಿತ್ತಿಪತ್ರಗಳಲ್ಲಿ ಮಕ್ಕಳ ಮೈಬಣ್ಣವನ್ನು ಎರಡು ಮೆಟ್ಟಿಲು ಏರಿಸುವ ಕೈ ಯಾರದು? ಅಲ್ಲಿ ಹಾಲಿವುಡ್ಡಿನ ಕಲರಿಸ್ಟ್ ಇಲ್ಲ. ‘ನೋಡಲು ನಮ್ಮವರಂತೆಯೇ ಇದ್ದಾಳೆ’ ಎಂಬ ಮೆಚ್ಚುಗೆಯೊಳಗೆ ಜಾತಿಯನ್ನು ಮೈಬಣ್ಣದಿಂದ ಅಳೆಯುವ ಹಳೆಯ ಚಾಳಿ ಅಡಗಿದೆ. ಅದನ್ನು ನಾವು ಗಂಟುಕಟ್ಟಿಕೊಂಡೇ ಸಮುದ್ರ ದಾಟಿದ್ದೇವೆ.

ಹೊಸ ಗ್ರೇಡ್ ಒಂದನ್ನು ಮೊದಲು ಎಣ್ಣೆಗಪ್ಪು ಮುಖದ ಮೇಲೆ ಪರೀಕ್ಷಿಸಿರೆಂದು ಸ್ಟುಡಿಯೋಗಳನ್ನು ಒತ್ತಾಯಿಸೋಣ. ಜೊತೆಗೆ, ಈ ನವೆಂಬರಿನ ರಾಜ್ಯೋತ್ಸವದ ಭಿತ್ತಿಪತ್ರವನ್ನು ಮುದ್ರಣಕ್ಕೆ ಕಳಿಸುವ ಮುನ್ನ ಸಮಿತಿಯವರು ಅದನ್ನು ಮೂಲ ಚಿತ್ರದ ಪಕ್ಕದಲ್ಲಿಟ್ಟು ಒಮ್ಮೆ ನೋಡಲಿ.